ಹನ್ನೆರಡನೇ ಫ್ರೆಟ್ಟು, ನಮ್ಮ ಮಾವನ ಅಂಗೈ

ಗಿಟಾರನ್ನು ಅಟ್ಟಕ್ಕೆ ಹಾಕಿ ಬರೋಣ ಎಂದುಕೊಂಡೇ ಆ ಭಾನುವಾರ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟಿದ್ದೆ.

ಓಲ್ಡ್ ಟೌನಿನಲ್ಲಿ ನಮ್ಮ ಮಾವನ ಮನೆ. ಅಲ್ಲಿ ಅಟ್ಟ ದೊಡ್ಡದು, ನಮ್ಮ ಬಾಡಿಗೆ ಮನೆಯಲ್ಲಿ ಜಾಗವಿಲ್ಲ... ಇದು ನಾನು ಗಂಡನಿಗೆ ಹೇಳಿದ್ದ ಕಾರಣ.

ನಿಜವಾದ ಕಾರಣ ಬೇರೆ.

ನಾನು ಗಣಿತದ ಟೀಚರ್. ಎರಡು ವರ್ಷದ ಹಿಂದೆ ಆಸೆಪಟ್ಟು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಕೊಂಡು ಕಲಿತೆ. ನಾವು ನಾಲ್ಕು ಜನ ಟೀಚರ್‌ಗಳು ಸೇರಿ ಸ್ಕೂಲ್ ಡೇಗೆ ಎರಡು ಹಾಡು ಪ್ರಾಕ್ಟೀಸ್ ಮಾಡುತ್ತಿದ್ದೆವು.

ಕೀಬೋರ್ಡ್ ನುಡಿಸುವ ಜೋಸೆಫ್ ಸರ್ ಒಂದು ದಿನ ಮೆಲ್ಲಗೆ ಹೇಳಿದರು. "ಮೇಡಂ, ಮೇಲಿನ ಸ್ವರ ಬಂದಾಗೆಲ್ಲ ನೀವು ಶ್ರುತಿ ಬಿಡ್ತಿದೀರ."

ಹೊಸ ತಂತಿ ಹಾಕಿಸಿದ್ದೆ. ಪ್ರತಿಸಲ ಟ್ಯೂನ್ ಮಾಡಿಕೊಂಡೇ ಕೂರುತ್ತಿದ್ದೆ. ಆದರೂ ತಪ್ಪುತ್ತದೆ ಎಂದರೆ ದೋಷ ನನ್ನ ಕಿವಿಯದ್ದೇ ಎಂದು ತೀರ್ಮಾನಿಸಿಬಿಟ್ಟೆ.

ಮಾವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಯಂತ್ರಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಕಿವಿ ಬಹುಪಾಲು ಹೋಗಿದೆ. ಹತ್ತಿರ ಕೂತು ಹೇಳಿದರಷ್ಟೇ ಕೇಳುತ್ತದೆ. ಮದುವೆ, ಗೃಹಪ್ರವೇಶ ಅಂತ ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ.

ಏಣಿ ಹತ್ತಲು ಹೊರಟವಳಿಗೆ ಅಡ್ಡ ನಿಂತರು. "ಚೆನ್ನಾಗಿರೋ ಸಾಮಾನನ್ನ ಅಟ್ಟಕ್ಕೆ ಯಾಕೆ ಹಾಕ್ತೀಯಮ್ಮ? ಏನಾಗಿದೆ ಹೇಳು."

ನನ್ನಿಂದಲೇ ಶ್ರುತಿ ತಪ್ಪುತ್ತಿದೆ ಎಂದು ಹತ್ತಿರ ಕೂತು ಹೇಳಿ, ಫೋನಿನಲ್ಲಿ ಸ್ವರ ಅಳೆಯುವ ಟ್ಯೂನರ್ ತೆಗೆದು ತೋರಿಸಿದೆ. ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಮುಳ್ಳು ಸರಿಯಾಗಿ ನಡುವೆ. ಕತ್ತಿನ ಮೇಲಿನ ಅಡ್ಡಪಟ್ಟಿಗಳಲ್ಲಿ ಹನ್ನೆರಡನೆಯದಾದ ಫ್ರೆಟ್ಟಿನಲ್ಲಿ, ಅಂದರೆ ತಂತಿಯ ಅರ್ಧಕ್ಕೆ ಒತ್ತಿ ಮೀಟಿದರೆ ಬಲಕ್ಕೆ, ಸ್ವರ ಏರಿದ ಕಡೆಗೆ ಜಿಗಿಯುತ್ತದೆ.

ಮಾವ ಕನ್ನಡಕ ಏರಿಸಿ ಮೂರು ಸಲ ಮೀಟಿಸಿದರು.

"ಅಲ್ಲ ಮಾರಾಯ್ತಿ, ಅರ್ಧಕ್ಕೆ ಒತ್ತಿದ್ರೆ ಅದೇ ಸ್ವರ ಮೇಲಿಂದು ಬರ್ಬೇಕು, ಅಲ್ವಾ? ಇದು ಜಾಸ್ತಿ ಬರ್ತಿದೆ ಅಂದ್ರೆ ತಂತಿ ಉದ್ದ ಸಾಲ್ತಿಲ್ಲ. ಇದ್ರಲ್ಲಿ ನಿನ್ ತಪ್ಪೇನ್ ಬಂತು?"

ಗಣಿತದ ಟೀಚರ್ ನಾನು... ನನಗಿದು ಹೊಳೆದಿರಲಿಲ್ಲ!

ತಂತಿಯ ಬುಡದಲ್ಲಿ ಅದನ್ನು ಹೊತ್ತು ಕೂರುವ ಪುಟ್ಟ ಲೋಹದ ತುಂಡಿಗೆ ಸ್ಯಾಡಲ್ ಅನ್ನುತ್ತಾರೆ. ಅದರ ಹಿಂದಿನ ಸ್ಕ್ರೂ ತಿರುಗಿಸಿದರೆ ಸ್ಯಾಡಲ್ ಹಿಂದೆ ಸರಿದು ತಂತಿ ಉದ್ದವಾಗುತ್ತದೆ. ನನ್ನ ಗಿಟಾರಿನಲ್ಲಿ ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಕೂತಿದ್ದವು.

ಮಾವ ಎಣ್ಣೆ ಬಿಟ್ಟರು. ಕಾದರು. ಡಬ್ಬಿಯೆಲ್ಲ ಸುರುವಿ ಅಳತೆಗೆ ಸರಿಹೊಂದುವ ಸ್ಕ್ರೂಡ್ರೈವರ್ ಹುಡುಕಿದರು.

ತಂತಿ ಸಡಿಲಿಸು, ಕಾಲು ಸುತ್ತು ತಿರುಗಿಸು, ಮತ್ತೆ ಬಿಗಿದು ಟ್ಯೂನ್ ಮಾಡು, ಮುಳ್ಳು ನೋಡು... ಆರು ತಂತಿಗೂ ಇದೇ ಕೆಲಸ. ಅತ್ತೆ ಊಟಕ್ಕೆ ಎರಡು ಸಲ ಕರೆದರೂ ಇಬ್ಬರೂ ಏಳಲಿಲ್ಲ.

ಕೊನೆಗೆ ಎರಡು ತಂತಿಗಳಲ್ಲಿ ಒಂದೇ ಸ್ವರ ಹಿಡಿದು ಒಟ್ಟಿಗೆ ಮೀಟುತ್ತೇನೆ. ಮಾವ ಗಿಟಾರಿನ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದಾರೆ.

"ಇನ್ನೂ ನಡುಗ್ತಿದೆ. ಸ್ವಲ್ಪ ಹಿಂದಕ್ಕೆ."

ಇನ್ನೊಂಚೂರು ತಿರುಗಿಸಿ, ಟ್ಯೂನ್ ಮಾಡಿ ಮೀಟುತ್ತೇನೆ. ಗುಂಯ್ ಗುಂಯ್ ಎನ್ನುತ್ತಿದ್ದ ಅಲೆ ನಿಂತು ಸ್ವರ ನೆಟ್ಟಗೆ ನಿಲ್ಲುತ್ತದೆ. ನನ್ನ ಕಿವಿಗೆ ಗೊತ್ತಾಗುವ ಮೊದಲೇ ಅವರ ಮುಖ ಅರಳಿತ್ತು.

"ಕೂತ್ಕೊಳ್ತು ನೋಡು! ಬೇರಿಂಗ್ ಕೆಟ್ರೂ ಹೀಗೇ ಹಿಡೀತಿದ್ದೆ ನಾನು, ಕೈಯಿಟ್ಟು."

ಅವರು ಅಷ್ಟು ಮಾತಾಡಿದ್ದನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಗಿಟಾರ್ ನನ್ನ ಜೊತೆಗೇ ಶಿವಮೊಗ್ಗಕ್ಕೆ ವಾಪಸ್ ಬಂತು.

ಸ್ಕೂಲ್ ಡೇಗೆ ಬನ್ನಿ ಎಂದು ಕರೆದೆ. ಬರುತ್ತಾರೆಂಬ ನಂಬಿಕೆ ಇರಲಿಲ್ಲ. ಆ ದಿನ ನೋಡಿದರೆ, ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದರು.

ಮೇಲಿನ ಸ್ವರಗಳ ಆ ಭಾಗ ಬಂತು... ಶ್ರುತಿ ಬಿಡದೆ ದಾಟಿದೆ. ಜೋಸೆಫ್ ಸರ್ ತಿರುಗಿ ನೋಡಿ ನಕ್ಕರು.

ಕೆಳಗಿಳಿದು ಬಂದು ಮಾವನ ಕಿವಿಯ ಹತ್ತಿರ ಬಾಗಿ ಕೇಳಿದೆ. "ಹೇಗಿತ್ತು ಮಾವ?"

"ನಂಗೆಲ್ಲಿ ಕೇಳುತ್ತಮ್ಮ... ಆದ್ರೆ ಪಕ್ಕದೋರು ತಲೆ ತೂಗ್ತಾ ಇದ್ರು. ಸರಿಯಾಗೇ ಬಾರ್ಸಿರ್ತೀಯ ಬಿಡು."

ಕಿವಿ ಕೇಳದವರ ಹತ್ತಿರ ಸಂಗೀತದ ಮಾತೇಕೆ ಎಂದು ಎರಡು ವರ್ಷ ಸುಮ್ಮನಿದ್ದೆನಲ್ಲ... ನೀವೂ ಮನೆಯಲ್ಲಿ ಯಾರ ಹತ್ತಿರವಾದರೂ ಹೀಗೆ ಸುಮ್ಮನಿದ್ದೀರಾ?