ಕೌದಿಯ ಕೊನೆಯ ಮೂಲೆ

ಮುಗಿಯದ ಕೆಲಸವನ್ನು ಕಂಡರೆ ನನ್ನ ರಕ್ತ ಕುದಿಯುತ್ತದೆ. ಆ ಕೆಲಸ ಬೇರೆಯವರದಾಗಿದ್ದರೆ ತುಸು ಹೆಚ್ಚೇ ಕುದಿಯುತ್ತದೆ. ವಿಶ್ವವಿದ್ಯಾನಿಲಯದಲ್ಲಿ ನಾನು ಸಂಪಾದಿಸಿದ್ದು ಒಂದು ಎಂ.ಎ. ಪದವಿ ಮತ್ತು ಈ ಕುದಿತ. ಎರಡನ್ನೂ ಹೊತ್ತು ಹೊಳಲ್ಕೆರೆ ಸೀಮೆಯ ನಮ್ಮೂರಿಗೆ ಮರಳಿದಾಗ ಪಡಸಾಲೆಯಲ್ಲಿ ಒಂದು ಕೌದಿ ಹರಡಿಕೊಂಡಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಅಜ್ಜಿ, ಅವ್ವ, ಚಿಕ್ಕಮ್ಮ ಸೇರಿ ಹೊಲಿದದ್ದು. ಮೈಯೆಲ್ಲ ಮುಗಿದಿತ್ತು, ಸುತ್ತಲಿನ ಕೆಂಪು ಅಂಚುಪಟ್ಟಿಯೂ ಮೂರು ಮೂಲೆ ದಾಟಿತ್ತು. ನಾಲ್ಕನೆಯ ಮೂಲೆ ಮಾತ್ರ ಎಷ್ಟೋ ದಿನದಿಂದ ಬಾಯಿ ತೆರೆದುಕೊಂಡೇ ಇತ್ತು.

ಬಾಣಂತನ ಮುಗಿಸಿದ ಅಕ್ಕ ಅಂದೇ ಮಧ್ಯಾಹ್ನದ ಬಸ್ಸಿಗೆ ಕೂಸನ್ನೆತ್ತಿಕೊಂಡು ಭೀಮಸಮುದ್ರಕ್ಕೆ, ಗಂಡನ ಮನೆಗೆ ಹೊರಡುವವಳು. ತವರಿನ ಕೌದಿಯಿಲ್ಲದೆ ಕೂಸು ಬಂದರೆ ಅವಳ ಅತ್ತೆಯ ನಾಲಿಗೆಗೆ ವರ್ಷವಿಡೀ ಮೇವು. ಇದಕ್ಕೆ ಹೊಣೆ ಯಾರು? ನಾನು ಅಲ್ಲೇ ವಿಚಾರಣೆ ಆರಂಭಿಸಿದೆ.

"ಕೊನೇ ಮೂಲೆ ಹೊಟ್ಟೆತುಂಬ ಉಂಡೋರೇ ಹೊಲೀಬೇಕು ಕಣ್ಲೇ," ಎಂದಳು ಅಜ್ಜಿ. "ಹಸಿದೋರು ಹೊಲಿದ್ರೆ ಕೌದಿಗೂ ಹಸಿವಾಗತೈತೆ. ಹೊದ್ದ ಕೂಸು ರಾತ್ರಿಯೆಲ್ಲ ಅಳತೈತೆ."

"ಹಂಗಾದ್ರೆ ಉಂಡು ಹೊಲೀಬಹುದಿತ್ತಲ್ಲವ್ವ?" ಎಂದು ಅವ್ವನನ್ನು ಪಾಟೀಸವಾಲಿಗೆ ಎಳೆದೆ.

"ಉಂಡ ಮ್ಯಾಲೆ ಕಣ್ಣು ಎಳೀತಾವಪ್ಪ. ಕೌದಿ ಬ್ಯಾರೆ ಮೆತ್ತಗೈತೆ."

ಜಗತ್ತಿನ ಆಡಳಿತಗಳೆಲ್ಲ ಎಡವುವುದು ಇಲ್ಲಿಯೇ ಎಂದು ನನಗೆ ಹೊಳೆಯಿತು: ಹಸಿದವನಿಗೆ ಅಧಿಕಾರವಿಲ್ಲ, ಉಂಡವನಿಗೆ ಎಚ್ಚರವಿಲ್ಲ. ಚಿತ್ರದುರ್ಗಕ್ಕೆ ಏಳು ಸುತ್ತು ಕೋಟೆ ಕಟ್ಟಿದವರೂ ಮಧ್ಯಾಹ್ನ ಮುದ್ದೆ ಉಂಡವರೇ ಇರಬೇಕು; ಉಂಡಮೇಲೆ ಎದ್ದು ಕಲ್ಲು ಹೊತ್ತದ್ದು ಹೇಗೆಂಬುದನ್ನು ಯಾವ ಶಾಸನವೂ ನಮಗೆ ತಿಳಿಸುವುದಿಲ್ಲ. ಚರಿತ್ರೆಯ ಈ ಮೌನವನ್ನು ಖಂಡಿಸಿ, ಸೂಜಿಯನ್ನು ನಾನೇ ಕೈಗೆತ್ತಿಕೊಳ್ಳುವುದಾಗಿ ಘೋಷಿಸಿದೆ.

"ಭಾಷಣ ಮಾಡಿದಂಗಲ್ಲಪ್ಪ ಹೊಲಿಯೋದು," ಎಂದು ಚಿಕ್ಕಮ್ಮ ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಮೊದಲು ಊಟ. ಹೊಟ್ಟೆ ತುಂಬಿತೆಂದು ನಾನು ಹೇಳಿದರೆ ಸಾಲದು, ಅಜ್ಜಿ ಒಪ್ಪಬೇಕು. ಅವಳು ಒಪ್ಪುವ ಹೊತ್ತಿಗೆ ನಾನು ಬಗ್ಗಲಾರದ ಸ್ಥಿತಿ ತಲುಪಿದ್ದೆ. ಚಕ್ಕಂಬಟ್ಟಲು ಹಾಕಿ ಕೂತು ಕೌದಿಯನ್ನು ತೊಡೆಯ ಮೇಲೆಳೆದುಕೊಂಡೆ. ರೆಪ್ಪೆಗಳು ಬಂಡವಾಳಶಾಹಿಯಂತೆ ಭಾರವಾದವು. ನಿದ್ದೆಯನ್ನು ಸೋಲಿಸಲು ಒಂದೇ ದಾರಿಯಿತ್ತು: ಹೊಣೆಗಾರಿಕೆಯ ಕುರಿತು ಗಟ್ಟಿಯಾಗಿ ಮಾತಾಡುತ್ತ ಹೊಲಿಯತೊಡಗಿದೆ. ಪರಿಣಾಮ ಅದ್ಭುತ. ನಾನು ಎಚ್ಚರವಾಗಿದ್ದೆ; ಕೇಳುತ್ತಿದ್ದ ಮೂವರೂ ಮಲಗಿಬಿಟ್ಟರು. ವಾಕ್ಯಕ್ಕೊಂದು ಹೊಲಿಗೆ, ಆವೇಶ ಏರಿದಂತೆ ಹೊಲಿಗೆ ಆಳಕ್ಕಿಳಿಯಿತು. ಕೊನೆಯ ಗಂಟು ಹಾಕುವುದಕ್ಕೂ ಬಸ್ಸಿನ ಹಾರನ್ ಕೇಳುವುದಕ್ಕೂ ಸರಿಹೋಯಿತು. ಗೆದ್ದವನ ಠೀವಿಯಿಂದ ಎದ್ದು ನಿಂತೆ. ಕೌದಿಯೂ ಎದ್ದು ನಿಂತಿತು.

ನಾನು ತೊಟ್ಟಿದ್ದು ಈಗಿನ ಫ್ಯಾಷನ್ನಿನ ಕಾಫಿಬಣ್ಣದ ಬೆಲ್‌ಬಾಟಂ. ಅದರ ಕಾಲಿನ ಅಗಲದಲ್ಲಿ ಒಂದು ಕುರಿಮರಿ ಆರಾಮಾಗಿ ನಿಲ್ಲಬಹುದಿತ್ತು. ಆ ಅಗಲವಷ್ಟೂ ಈಗ ಕೌದಿಯ ಮೂಲೆಗೆ ಅಂಟಿಕೊಂಡಿತ್ತು.

"ಲೇ ತಮ್ಮ, ಕೌದಿ ಕೊಡು ಅಂದ್ರೆ ನೀನೂ ಜತೀಗೆ ಬರ್ತೀಯೇನೋ?" ಎಂದು ಅಕ್ಕ ಬಾಗಿಲಲ್ಲೇ ನಕ್ಕಳು. ಹೊರಗೆ ಕಂಡಕ್ಟರ್, "ಬರ್ರಿ, ಬರ್ರಿ!" ಎಂದು ಕೂಗುತ್ತಿದ್ದ.

ಹೊಲಿಗೆ ಬಿಚ್ಚಲು ಹೋದ ಅವ್ವನ ಕೈಯನ್ನು ಅಜ್ಜಿ ತಡೆದಳು. "ಉಂಡು ಹಾಕಿದ ಹೊಲಿಗೆ ಬಿಚ್ಚಬಾರ್ದು. ಪ್ಯಾಂಟು ಕತ್ತರಿಸು."

ಕೌದಿ ಬಸ್ಸು ಹತ್ತಿತು. ಒಂದು ಕಾಲಿಗೆ ಗಂಟೆಯ ಬಾಯಿ, ಇನ್ನೊಂದಕ್ಕೆ ಮೊಣಕಾಲವರೆಗೆ ಗಾಳಿ ಎಂಬ ಸ್ಥಿತಿಯಲ್ಲಿ ನಾನು ಕದದ ಮರೆಯಿಂದ ಕೈ ಬೀಸಿದೆ. ಮೂಲೆಯ ಆ ಕಾಫಿಬಣ್ಣದ ತುಂಡು ಏನೆಂದು ಅತ್ತೆ ಕೇಳಿದ್ದಕ್ಕೆ ಅಕ್ಕ, "ನಮ್ಮ ಕಡೆ ಈಗ ಹಿಂಗೇ ಮೂಲೆಗೆ ಪ್ಯಾಂಟಿನ ತುಂಡು ಇಕ್ಕಾದು," ಎಂದಳಂತೆ. ಅವರೂ ತಮ್ಮ ಮನೆಯ ಗಂಡಸರ ಪ್ಯಾಂಟುಗಳನ್ನು ದಿಟ್ಟಿಸತೊಡಗಿದ್ದಾರಂತೆ.

ಕೂಸು ಮಾತ್ರ ರಾತ್ರಿ ಅಳುತ್ತಿಲ್ಲ. ನಾನು ಕೈಗೆತ್ತಿಕೊಂಡ ಹೋರಾಟಗಳಲ್ಲಿ ಕೊನೆ ಮುಟ್ಟಿದ್ದು ಇದೊಂದೇ. ಅರ್ಧ ಪ್ಯಾಂಟು ಹೆಚ್ಚೇನಲ್ಲ.