ಬೀಗರೆದುರು ಬಾಯಿಗೆ ಬಂದ ಹೆಸರು

ಮೈಮೇಲೆ ಬರುವುದು, ಕಾಣದ್ದನ್ನು ಹೇಳುವುದು ಇವೆಲ್ಲ ಬೇರೆ ಕೆಲಸವಿಲ್ಲದವರ ಆಟ ಎಂದು ನಗುತ್ತಿದ್ದವಳು ನಾನು. ಈಗ ನಗುವುದಿಲ್ಲ. ನಂಬುತ್ತೇನೆಂದೂ ಹೇಳಲಾರೆ. ನೆನೆದರೆ ಮಾತ್ರ ಇವತ್ತಿಗೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಅರವತ್ತರ ದಶಕದ ಆರಂಭ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ನಾದಿನಿಯ ಮದುವೆ ಗೊತ್ತಾಗಿ, ಬೀಗರಾಗುವವರು ಒಂದು ಸಂಜೆ ಮನೆಗೆ ಬಂದಿದ್ದರು. ಎಲ್ಲರೂ ಸೇರಿ ಭಾನುವಾರ ಮೈಸೂರಿಗೆ ಹೋಗಿಬರುವ ಮಾತೆದ್ದಿತು. ಬೆಳಗಿನ ಎಕ್ಸ್‌ಪ್ರೆಸ್ ಹಿಡಿದರೆ ಸಣ್ಣಪುಟ್ಟ ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ, ಊರೆಲ್ಲ ನೋಡಿ ರಾತ್ರಿ ಊಟಕ್ಕೆ ಮನೆ ಸೇರಬಹುದು ಎಂದು ಮಾವನವರು ಹುರುಪಿನಿಂದ ವಿವರಿಸುತ್ತಿದ್ದರು. ಬುತ್ತಿಗೆ ಪುಳಿಯೋಗರೆ ಸಾಕೇ ಎಂದು ಅತ್ತೆ ಕೇಳಿದರು. ಅರಮನೆ ಮೊದಲೋ ಬೆಟ್ಟ ಮೊದಲೋ ಎಂಬ ಚರ್ಚೆ ನಡೆದಿತ್ತು.

ಕಾಫಿ ಕೊಡುತ್ತಿದ್ದ ನಾನು ಹೇಳಿದೆ: "ಮೊದಲು ಲಲಿತತ್ತೆ ಮನೆಗೆ ಹೋಗೋಣ. ಪಾಪ, ಕಣ್ಣು ಪೂರ್ತಿ ಹೋಗೋಕ್ ಮುಂಚೆ ಅಣ್ಣನ್ನ ನೋಡ್ಬೇಕಂತೆ."

ಆ ಹೆಸರನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

"ಲಲಿತತ್ತೆ ನಾವು ಸಣ್ಣೋರಿದ್ದಾಗ್ಲೇ ತೀರ್ಕೊಂಡ್ರಲ್ಲ?" ಎಂದರು ನನ್ನ ಗಂಡ.

"ಸತ್ತಿಲ್ಲ, ಮೈಸೂರಲ್ಲೇ ಇದ್ದಾಳೆ" ಎಂದು ಮಾವನವರು ನೆಲ ನೋಡುತ್ತ ಒಪ್ಪಿಕೊಂಡರು. ಬೇರೆ ಜಾತಿಯವನನ್ನು ಮದುವೆಯಾದಳೆಂದು, ಬದುಕಿರುವ ತಂಗಿಯನ್ನು ಸತ್ತಳೆಂದೇ ಮಕ್ಕಳಿಗೆ ಹೇಳಿ ಬೆಳೆಸಿದ್ದರು. ಬೀಗರು ಕೆದಕಿ ಕೇಳಿದ್ದಕ್ಕೆ ಎಲ್ಲ ಬಯಲಾಯಿತು. ಬೀಗರು ಕಾಫಿ ಮುಟ್ಟದೆ ಎದ್ದರು.

"ನಿಂಗ್ಯಾರೇ ಹೇಳಿದ್ದು?" ಅತ್ತೆ ನನ್ನ ರಟ್ಟೆ ಹಿಡಿದು ಕೇಳಿದರು.

"ಯಾರೂ ಹೇಳಿಲ್ಲ ಅತ್ತೆ, ಹೇಗ್ ಬಂತೋ ಗೊತ್ತಿಲ್ಲ."

ಗಂಡನೂ ನಂಬಲಿಲ್ಲ.

ಭಾನುವಾರ ಮಾವನವರೊಬ್ಬರೇ ಆ ರೈಲು ಹತ್ತಿದರು. ವಾಪಸು ಬಂದವರು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು ನನ್ನನ್ನು ಕರೆದರು.

"ಹೊಸ್ತಿಲ ಮೇಲೇ ಕೂತಿದ್ಲಮ್ಮ. ಕಣ್ಣು ಮಂಜಾಗಿದೆ. ಹೆಜ್ಜೆ ಸಪ್ಪಳಕ್ಕೇ 'ಅಣ್ಣ' ಅಂದ್ಲು. ನಾನ್ ಬರೋದು ಹೇಗ್ ಗೊತ್ತಾಯ್ತು ಅಂದ್ರೆ, 'ನಿನ್ನ ಸೊಸೆ ಬಂದು ಹೇಳಿ ಹೋದ್ಲಲ್ಲ' ಅಂತಾಳೆ. ನೀನ್ ಯಾವಾಗಮ್ಮ ಹೋಗಿದ್ದೆ?"

ನಾನು ಅಲ್ಲಿಯವರೆಗೆ ಮೈಸೂರನ್ನೇ ಕಂಡವಳಲ್ಲ. ಹಾಗೆಂದೆ. ಮಾವನವರು ಚಪ್ಪಲಿ ಕಳಚಿ, ತಲೆ ತಗ್ಗಿಸಿ ಒಳಗೆ ಹೋದರು. ಅವರ ಮುಖ ನೋಡುವ ಧೈರ್ಯ ನನಗೂ ಇರಲಿಲ್ಲ.

ನಾದಿನಿಯ ಆ ಸಂಬಂಧ ಮುರಿಯಿತು. ಬಹಳ ಕಾಲ ಅವಳು ನನ್ನೊಡನೆ ಮಾತಾಡಲಿಲ್ಲ. ಅವಳಿಗೆ ಏನೆಂದು ಸಮಾಧಾನ ಹೇಳಲಿ?

ಮುಂದೆ ಲಲಿತತ್ತೆಯನ್ನು ನಾನೂ ನೋಡಿದೆ. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು. ನನ್ನ ಎರಡೂ ಕೈ ಹಿಡಿದು ತಡವಿ, "ಹೌದು, ಅವತ್ತು ಬಂದಿದ್ದು ಇವಳೇ" ಎಂದರು.

ನಾನು ಅಲ್ಲ ಎನ್ನದೆ ಅವರ ಪಕ್ಕದಲ್ಲೇ ಕೂತೆ.