ಹೆಗಲು ಮುಟ್ಟಿದರೆ ನಿಲ್ಲುವ ಮೋಟಾರು

ಮೋಟಾರಿನ ಚಾಚಾ ಬಲಗಿವಿಯ ಹಿಂದೆ ಅರ್ಧ ಸೇದಿದ ಬೀಡಿ ಸಿಕ್ಕಿಸಿಕೊಂಡಿರುತ್ತಿದ್ದರು ಎಂದು ಬರೆದೆ. ಬರೆದ ಮೇಲೆ ಅನುಮಾನ. ಎಡಗಿವಿಯೂ ಇರಬಹುದು. ಅವರ ಬೆನ್ನ ಹಿಂದಿನ ಸೀಟಿನಲ್ಲಿ, ಅವ್ವನ ಪಕ್ಕ ಕೂರುತ್ತಿದ್ದವಳು ನಾನು. ಕಂಡದ್ದೆಲ್ಲ ಅವರ ಕತ್ತು, ಆ ಕಿವಿಗಳು. ಎರಡೂ ಕೇಳುತ್ತಿರಲಿಲ್ಲ, ಅದೊಂದು ಖಾತ್ರಿ.

ಬೀದರಿನಿಂದ ಭಾಲ್ಕಿಗೆ ಬಾಡಿಗೆ ಮೋಟಾರು ಓಡಿಸುತ್ತಿದ್ದ ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಇಳಿಯಬೇಕಾದವರು ಕೂಗುತ್ತಿರಲಿಲ್ಲ. ಮುಂದೆ ಕೂತವರ ಹೆಗಲು ತಟ್ಟುತ್ತಿದ್ದರು, ಅವರು ತಮ್ಮ ಮುಂದಿನವರದು. ಹಾಗೆ ಸುದ್ದಿ ಚಾಚಾನ ಹೆಗಲಿಗೆ ಬಂದು ಮೋಟಾರು ನಿಲ್ಲುತ್ತಿತ್ತು. "ಹೆಂಡ್ತಿ ಬೈದದ್ದು ಒಂದೂ ಕೇಳ್ಸಿಲ್ಲ, ಅದಕ್ಕ ಸಂಸಾರ ನಡದದ" ಎಂದು ತಾವೇ ನಗಿಸುತ್ತಿದ್ದರು.

ಆಮೇಲೆ ನಿಜಾಮ ಸರಕಾರದ ಹುಕುಂ ಬಂತು. ಬಾಡಿಗೆ ಮೋಟಾರು ಓಡಿಸುವವರ ಕಣ್ಣು, ಕಿವಿ ಪರೀಕ್ಷೆ ಆಗಬೇಕು. ಸೋತರೆ ಲೈಸನ್ಸ್ ರದ್ದು, ತೋಳಿನ ಹಿತ್ತಾಳೆ ಬಿಲ್ಲೆ ವಾಪಸು. ಚಾಚಾಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಪೊಲೀಸ್ ಸಾಹೇಬರು ಹತ್ತಿ ಕಡೆಯ ಸೀಟಿನಲ್ಲಿ ಕೂತರು. "ನಾ ಠೈರೋ ಅಂದ ಕೂಡ್ಲೇ ಅಂವ ಗಾಡಿ ನಿಲ್ಲಸ್ಬೇಕು. ಯಾರೂ ಬಾಯಿ ತೆಗೀಬ್ಯಾಡ್ರಿ. ಕೈ ಕಟ್ಕೊಂಡು ಕೂಡ್ರಿ."

ಕೋಳಿಬುಟ್ಟಿಯ ಮುದುಕಿ, "ಕೋಳಿಗೂ ಒಂದ್ ಮಾತು ಹೇಳ್ರಿ ಸಾಹೇಬ್ರ" ಎಂದಳು. ಯಾರೂ ನಗಲಿಲ್ಲ.

ಮೋಟಾರು ಹಲಬರ್ಗಾ ಊರು ದಾಟಿತು.

"ಠೈರೋ."

ಮೋಟಾರು ಓಡುತ್ತಲೇ ಇತ್ತು. ಮುಂದಿನ ತಿರುವು ಹತ್ತಿರವಾಗುತ್ತಿತ್ತು. ಅವ್ವ ಕೈ ಬಿಚ್ಚಲಿಲ್ಲ. ಸೀರೆಯ ನೆರಿಗೆಯೊಳಗಿಂದ ಅವಳ ಕಾಲು ಚಾಚಾನ ಸೀಟಿನ ಹಲಗೆಗೆ ಬಡಿಯಿತು. ಮೋಟಾರು ನಿಂತಿತು.

"ಕಿವಿ ಚಲೋ ಅವ ನಿಂದು" ಎಂದರು ಸಾಹೇಬರು.

ಚಾಚಾ ತಿರುಗಲಿಲ್ಲ. ಹೊಗಳಿಕೆಯೂ ಅವರಿಗೆ ಕೇಳಿಸಿರಲಿಲ್ಲ. ಅವ್ವ ಮತ್ತೆ ಒದ್ದಳು. ಆಗ ತಿರುಗಿದವರು ನೇರ ಅವ್ವನ ಕಾಲು ನೋಡಿದರು. ತೋಳಿನ ಬಿಲ್ಲೆ ಬಿಚ್ಚಿ ಸಾಹೇಬರತ್ತ ಹಿಡಿದರು.

"ಈಕಿ ದಿನಾ ನನ್ನ ಹಿಂದ ಕೂಡಂಗಿಲ್ಲರೀ."

ಗಾಡಿ ನಡುದಾರಿಯಲ್ಲಿತ್ತು. ಓಡಿಸಬಲ್ಲವರು ಇನ್ನೊಬ್ಬರಿರಲಿಲ್ಲ. ಸಾಹೇಬರು ಬಿಲ್ಲೆ ಜೇಬಿಗಿಳಿಸಿ, ಭಾಲ್ಕಿಯ ಕಡೆ ಕೈ ತೋರಿಸಿ, "ನಡಸು" ಎಂದರು.

ಇದು ಅವ್ವ ಹೇಳುತ್ತಿದ್ದ ರೀತಿ. ಕೋಳಿಯ ಮುದುಕಿ ಬೇರೆ ಹೇಳುತ್ತಿದ್ದಳು: "ನಿಮ್ಮವ್ವ ಎರಡನೇ ಸರ್ತಿ ಒದ್ದದ್ದು ಸಾಹೇಬಗ ಕಂಡ್ತವಾ. ಅಂವನೇ ಬಿಲ್ಲೆ ಕಿತ್ಕೊಂಡ. ಚಾಚಾ ಕೈ ಮುಗದು ಅತ್ತ." ತನ್ನ ಎರಡನೆಯ ಒದೆಯಿಂದಲೇ ಬಿಲ್ಲೆ ಹೋಯಿತೆಂಬುದನ್ನು ತಾಳಿಕೊಳ್ಳಲಾರದೆ ಅವ್ವ ಚಾಚಾನ ಬಾಯಲ್ಲಿ ಆ ಮಾತು ಇಟ್ಟಳೇ? ಕೇಳುವ ಧೈರ್ಯ ನನಗೆ ಬರಲಿಲ್ಲ.

ನಾನೂ ಅಲ್ಲೇ ಇದ್ದೆ. ನೆನಪಿರುವುದು ಅವರ ಮಾಸಿದ ಖಾಕಿ ತೋಳಿನ ಮೇಲೆ ಬಿಲ್ಲೆಯಷ್ಟಗಲ ಬಣ್ಣ ಹೋಗದೆ ಉಳಿದ ದುಂಡನೆಯ ಗುರುತು. ಭಾಲ್ಕಿ ಬರುವವರೆಗೂ ಅದನ್ನೇ ನೋಡುತ್ತಿದ್ದೆ.

ಆಮೇಲೆ ಚಾಚಾ ಔರಾದಿನ ಮಗಳ ಮನೆ ಸೇರಿದರು, ಅಲ್ಲೇ ತೀರಿಕೊಂಡರು. ಬಿಲ್ಲೆಯನ್ನು ಅವರು ಕೊಟ್ಟರೋ, ಸಾಹೇಬರು ಕಿತ್ತುಕೊಂಡರೋ, ನನಗೆ ಗೊತ್ತಿಲ್ಲ.